ಚಿಯಾಂಗ್ ಮಾಯ್‌ನಲ್ಲಿ ಒಂದೇ ದಿನ ಆನೆ + ರಾಫ್ಟಿಂಗ್, ಆನೆಗೆ ಹಿಂಸೆ ಆಗದ ಹಾಗೆ ಹೇಗೆ ಪ್ಲಾನ್ ಮಾಡೋದು?

ಹೊಳೆದಂಡೆ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ನವೆಂಬರಲ್ಲಿ ನಾನು, ನಮ್ಮ ಯಜಮಾನ್ರು, ಹತ್ತು ವರ್ಷದ ಮಗಳು, ಜೊತೆಗೆ ನನ್ನ ತಮ್ಮ ಥಾಯ್ಲೆಂಡಿಗೆ ಹೋಗ್ತಿದೀವಿ. ಚಿಯಾಂಗ್ ಮಾಯ್‌ನಲ್ಲಿ ನಮಗೆ ಸಿಗೋದು ಒಂದೇ ಒಂದು ಪೂರ್ತಿ ದಿನ. ಮಗಳಿಗೆ ಆನೆ ನೋಡ್ಬೇಕು, ತಮ್ಮನಿಗೆ ರಾಫ್ಟಿಂಗ್ ಮಾಡ್ಲೇಬೇಕು, ಎರಡೂ ಸೇರಿರೋ ಪ್ಯಾಕೇಜ್ ಹುಡುಕಿದ್ರೆ ಸಾಲು ಸಾಲು ಬರತ್ತೆ. ಒಂದ್ರಲ್ಲಿ ಬೆಳಿಗ್ಗೆ ಆನೆಗೆ ಬಾಳೆಹಣ್ಣು ತಿನ್ಸೋದು, ಆಮೇಲೆ ಕೆಸರು ಸ್ನಾನ, ಆಮೇಲೆ ಹೊಳೆ ಸ್ನಾನ, ಮಧ್ಯಾಹ್ನ ರಾಫ್ಟಿಂಗ್, ಟೈಮ್ ಇದ್ರೆ ಜಿಪ್‌ಲೈನ್. ಸವಾರಿ ಇಲ್ಲ ಅಂತ ದಪ್ಪಕ್ಷರದಲ್ಲಿ ಹಾಕಿದಾರೆ, ಹೆಸರಲ್ಲೂ ಸ್ಯಾಂಕ್ಚುರಿ ಅಂತ ಇದೆ. ನಾನು ಬುಕ್ ಮಾಡೋದ್ರಲ್ಲಿದ್ದೆ, ಫೋಟೋ ನೋಡ್ತಾ ಮಗಳು "ಅಮ್ಮಾ, ಇಷ್ಟೊಂದ್ ಜನ ಸ್ನಾನ ಮಾಡ್ಸೋದು ಆನೆಗೆ ಇಷ್ಟ ಆಗತ್ತಾ?" ಅಂದ್ಲು, ನನ್ನ ಹತ್ರ ಉತ್ತರ ಇರ್ಲಿಲ್ಲ. ಹೋಗಿ ಬಂದೋರು, ಆನೆ ವಿಷಯ ಗೊತ್ತಿರೋರು ದಯವಿಟ್ಟು ಹೇಳಿ. ಸವಾರಿ ಇಲ್ಲ ಅಂದ್ರೆ ಸಾಕಾ?

ಅಲೆಮಾರಿ_ಚೀಲ

ಸಾಕಾಗಲ್ಲ ಮೇಡಂ. ಮಗಳು ಸರಿಯಾದ ಪ್ರಶ್ನೇನೇ ಕೇಳಿದಾಳೆ.

ನಾನು ಎರಡು ವರ್ಷದ ಹಿಂದೆ ಇದೇ ಥರದ ಪ್ಯಾಕೇಜ್ ತಗೊಂಡಿದ್ದೆ, ಜಾಗದ ಹೆಸರು ಬೇಡ. ಸವಾರಿ ಇರ್ಲಿಲ್ಲ, ಅಂಬಾರಿ ಇರ್ಲಿಲ್ಲ, ಎಲ್ಲಾ ಚೆನ್ನಾಗೇ ಕಾಣ್ತಿತ್ತು. ನಮ್ಮ ಗುಂಪು ಸ್ನಾನ ಮುಗ್ಸಿ ಮೇಲೆ ಬಂದ್ವಿ, ನಾನು ಬಟ್ಟೆ ಬದಲಾಯಿಸಿ ಸುಮ್ನೆ ಕಟ್ಟೆ ಮೇಲೆ ಕೂತಿದ್ದೆ. ಆನೆ ನೀರಿಂದ ಎದ್ದು ದಡಕ್ಕೆ ಬಂತು, ಸೊಂಡಿಲಲ್ಲಿ ಒಣಮಣ್ಣು ಬಾಚಿ ಬೆನ್ನ ಮೇಲೆ ಹಾಕ್ಕೊಳೋಕೆ ಶುರು ಮಾಡ್ತು, ಎರಡು ಸಲ ಹಾಕ್ಕೊಂಡಿರ್ಬೇಕು ಅಷ್ಟೆ, ಮಾವುತ ಕಿವಿ ಹಿಡಿದು ಅದನ್ನ ತಿರುಗ್ಸಿ ವಾಪಸ್ ನೀರಿಗೇ ಇಳಿಸ್ದ, ಯಾಕಂದ್ರೆ ಮುಂದಿನ ವ್ಯಾನ್ ಬಂದಿತ್ತು. ಅದೇ ಆನೆ, ಅದೇ ಗುಂಡಿ, ಹೊಸ ಹದಿನೈದು ಜನ ಬಕೆಟ್ ಬ್ರಷ್ ಹಿಡ್ಕೊಂಡು. ಬೆಳಿಗ್ಗೆಯಿಂದ ಎಷ್ಟನೇ ಸಲವೋ ಏನೋ. ಅವತ್ತು ಮಧ್ಯಾಹ್ನ ರಾಫ್ಟಿಂಗಲ್ಲಿ ಕೂತಾಗ್ಲೂ ನನಗೆ ಅದೇ ಕಣ್ಮುಂದೆ.

ನನ್ನ ಅಭಿಪ್ರಾಯ ಒಂದೇ. ಥ್ರಿಲ್ಲು, ಮುಟ್ಟೋದು, ನೆನೆಯೋದು, ಕಿರುಚೋದು ಇದೆಲ್ಲಾ ನದಿಗೆ ಬಿಡಿ. ನಿಮ್ಮ ದಿನದಲ್ಲಿ ರಾಫ್ಟಿಂಗ್ ಹೇಗೂ ಇದೆ, ಹಾಗಾಗಿ ಆನೆ ಹತ್ರ ಹೋದಾಗ ಏನೂ ಮಾಡ್ದೆ ನೋಡ್ಕೊಂಡು ಬಂದ್ರೆ ನಿಮಗೆ ಏನೂ ಕಮ್ಮಿ ಆಗಲ್ಲ. ದೂರದಿಂದ ನೋಡೋದು ಮಾತ್ರ, ಮುಟ್ಟೋ ಹಾಗಿಲ್ಲ ಅನ್ನೋ ಕೇಂದ್ರ ಹುಡುಕಿ, ಅಂಥವು ಇವೆ. ರಾಫ್ಟಿಂಗ್ ಬೇರೆ ಕಂಪನಿ ಹತ್ರ ಬುಕ್ ಮಾಡಿ.

ಗೊರಸು_ಮತ್ತು_ಸೊಂಡಿಲು

ನಾನು ಪಶುವೈದ್ಯೆ, ಹಿಂದೆ ಕೆಲವು ವರ್ಷ ಸಾಕಾನೆಗಳ ಜೊತೆ ಕೆಲಸ ಮಾಡಿದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ.

ಮೇಲೆ ಹೇಳಿರೋ ಮಣ್ಣಿನ ವಿಷಯ ತುಂಬಾ ಮುಖ್ಯ. ಆನೆ ಮೈಮೇಲೆ ಮಣ್ಣು ಎರಚ್ಕೊಳೋದು ಆಟ ಅಲ್ಲ, ಅದು ಬಿಸಿಲಿಗೂ ನೊಣ ಸೊಳ್ಳೆಗೂ ಅದರ ರಕ್ಷಣೆ. ನಾವು ಉಜ್ಜಿ ಉಜ್ಜಿ ತೊಳೆದು ಅದನ್ನೇ ತೆಗೀತೀವಿ, ದಿನಕ್ಕೆ ನಾಲ್ಕು ಸಲ. ಆನೆಗೆ ನೀರು ಅಂದ್ರೆ ಪ್ರಾಣ, ಅದು ನಿಜ, ಆದ್ರೆ ತಾನಾಗಿ ಇಳಿದು ತನಗೆ ಸಾಕಾದಾಗ ಎದ್ದು ಹೋಗೋದು ಬೇರೆ, ಟೈಮ್‌ಟೇಬಲ್ ಪ್ರಕಾರ ಇಳಿಯೋದು ಬೇರೆ.

ತಿನ್ಸೋ ವಿಷಯಕ್ಕೆ ಬಂದ್ರೆ, ದೊಡ್ಡ ಆನೆ ದಿನಕ್ಕೆ 150 ಕೆಜಿ ತನಕ ತಿನ್ನತ್ತೆ, ಎಚ್ಚರ ಇರೋ ಹೊತ್ತಲ್ಲಿ ಹೆಚ್ಚು ಪಾಲು ಮೇಯೋದ್ರಲ್ಲೇ ಹೋಗತ್ತೆ, ಯಾಕಂದ್ರೆ ತಿಂದಿದ್ರಲ್ಲಿ ಅರ್ಧದಷ್ಟೂ ಅದಕ್ಕೆ ಜೀರ್ಣ ಆಗಲ್ಲ. ಹುಲ್ಲು, ಬಿದಿರು, ತೊಗಟೆ, ಸೊಪ್ಪು, ನಾರು ತುಂಬಿರೋ ಆಹಾರ ಅದು. ಬುಟ್ಟಿಗಟ್ಲೆ ಬಾಳೆಹಣ್ಣು ಕಬ್ಬು ಅಂದ್ರೆ ಬರೀ ಸಕ್ಕರೆ. ಆನೆ ನಡ್ಕೊಂಡು ಹುಲ್ಲು ಕೀಳೋದನ್ನ ಹತ್ತು ನಿಮಿಷ ನೋಡಿ, ಸೊಂಡಿಲಲ್ಲಿ ಒಂದು ಹಿಡಿ ಸುತ್ತಿ ಎಳೆದು, ಮುಂಗಾಲಿಗೆ ಪಟ ಪಟ ಬಡಿದು ಬೇರಿನ ಮಣ್ಣೆಲ್ಲಾ ಉದುರ್ಸಿ ಆಮೇಲೆ ಬಾಯಿಗೆ ಇಡತ್ತೆ. ನನಗೆ ಇಷ್ಟು ವರ್ಷ ಆದ್ರೂ ಅದನ್ನ ನೋಡಿ ಸಾಕಾಗಿಲ್ಲ.

ಸವಾರಿ ಬೇಡ ಅನ್ನೋದಕ್ಕೆ ಕಾರಣ ಬೆನ್ನುಮೂಳೆ. ಆನೆಯ ಬೆನ್ನೆಲುಬಿನ ಮುಳ್ಳುಗಳು ಮೇಲಕ್ಕೆ ಚಾಚಿರತ್ತೆ, ಅದರ ಮೇಲೆ ತೆಳು ಮಾಂಸ ಮತ್ತೆ ಚರ್ಮ. ಅದರ ಮೇಲೆ ಕುರ್ಚಿ ಕಟ್ಟಿ ಇಬ್ರು ಮೂವರನ್ನ ಕೂರ್ಸಿದ್ರೆ ಹುಣ್ಣು ಆಗೋದು ನಾನೇ ಡ್ರೆಸ್ಸಿಂಗ್ ಮಾಡಿ ನೋಡಿದೀನಿ. ಇನ್ನೊಂದು, ಮನುಷ್ಯ ಹೇಳಿದ್ದು ಕೇಳೋ ಹಾಗೆ ಮಾಡೋಕೆ ಮರಿ ಇದ್ದಾಗ ತಾಯಿಯಿಂದ ಬೇರೆ ಮಾಡಿ ಇಕ್ಕಟ್ಟಾದ ಮರದ ಚೌಕಟ್ಟಲ್ಲಿ ಕಟ್ಟಿ ಪಳಗಿಸೋ ಪದ್ಧತಿ ಇದೆ, ಥಾಯ್‌ನಲ್ಲಿ ಫಾಜಾನ್ ಅಂತಾರೆ. ಬೆನ್ನ ಮೇಲೆ ಕೂರೋದಕ್ಕಾಗ್ಲಿ, ಚಿತ್ರ ಬರೆಸೋದಕ್ಕಾಗ್ಲಿ, ಅಪರಿಚಿತರ ಜೊತೆ ನೀರಲ್ಲಿ ಅಲುಗಾಡದೆ ನಿಲ್ಸೋದಕ್ಕಾಗ್ಲಿ ಆ ಥರದ ಹಿಡಿತ ಬೇಕೇ ಬೇಕು.

ಮತ್ತೆ ಇದು ನಿಮ್ಮ ಸುರಕ್ಷತೆ ವಿಷಯಾನೂ ಹೌದು. 2025ರ ಜನವರಿಯಲ್ಲಿ ದಕ್ಷಿಣ ಥಾಯ್ಲೆಂಡಿನ ಒಂದು ದ್ವೀಪದಲ್ಲಿ ಆನೆಗೆ ಸ್ನಾನ ಮಾಡಿಸ್ತಿದ್ದ ಸ್ಪೇನಿನ ಪ್ರವಾಸಿ, 22 ವರ್ಷದ ಹುಡುಗಿ, ಆನೆ ತಿವಿದು ತೀರ್ಕೊಂಡ್ಲು. ಹತ್ತು ವರ್ಷದ ಮಗೂನ ಆನೆ ಕಾಲ ಹತ್ರ ಕೆಸರಲ್ಲಿ ನಿಲ್ಸೋದು ನನ್ನ ಪ್ರಕಾರ ಬೇಡವೇ ಬೇಡ. ಕ್ಷಯರೋಗ ಮನುಷ್ಯರಿಂದ ಆನೆಗೆ, ಆನೆಯಿಂದ ಮನುಷ್ಯರಿಗೆ ಎರಡೂ ಕಡೆ ಹರಡತ್ತೆ ಅನ್ನೋದೂ ತಲೇಲಿರ್ಲಿ.

ಸ್ಯಾಂಕ್ಚುರಿ ಅನ್ನೋ ಬೋರ್ಡ್ ನಂಬ್ಬೇಡಿ. ಬೋರ್ಡಲ್ಲಿ ಏನೇ ಇರ್ಲಿ, ಥಾಯ್ಲೆಂಡಲ್ಲಿ ಸಾಕಾನೆ ಅಂದ್ರೆ ಈಗ್ಲೂ 1939ರ ಕಾಯ್ದೆ ಪ್ರಕಾರ ಎತ್ತು ಎಮ್ಮೆ ಕುದುರೆ ಥರ ದುಡಿಯೋ ಪ್ರಾಣಿ.

ಹೊಳೆದಂಡೆ

ಇಷ್ಟೆಲ್ಲಾ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಸ್ನಾನ ಇರೋ ಪ್ಯಾಕೇಜ್ ಬಿಟ್ಟೆ. ಆದ್ರೆ ಜಾಗಕ್ಕೆ ಹೋದ್ಮೇಲೆ ನಮ್ಮಂಥವರು ಏನ್ ನೋಡಿ ಗುರುತು ಹಿಡೀಬೇಕು? ಸರಪಳಿ, ಅಂಕುಶ ಕಂಡ್ರೆ ತಕ್ಷಣ ವಾಪಸ್ ಬರ್ಬೇಕಾ?

ಗೊರಸು_ಮತ್ತು_ಸೊಂಡಿಲು

ತಕ್ಷಣ ತೀರ್ಮಾನ ಬೇಡ. ಅಂಕುಶ ಸೊಂಟದಲ್ಲಿದೆ ಅನ್ನೋ ಮಾತ್ರಕ್ಕೆ ಆ ಮಾವುತ ಕ್ರೂರಿ ಅಲ್ಲ, ಗಾಬರಿ ಆದ ಆನೆ ಜನರ ಕಡೆ ನುಗ್ಗಿದ್ರೆ ತಡೆಯೋಕೆ ಅಂತ ಇಟ್ಕೊಂಡಿರ್ತಾರೆ. ಪ್ರತಿ ಹೆಜ್ಜೆಗೂ ಅದನ್ನ ತೋರ್ಸಿ ನಡೆಸ್ತಿದ್ರೆ, ಅಥವಾ ಅಂಗೈಲಿ ಸಣ್ಣ ಮೊಳೆ ಮುಚ್ಚಿಟ್ಕೊಂಡು ಕಿವಿ ಹಿಂದೆ ಒತ್ತುತ್ತಿದ್ರೆ ಅದು ಬೇರೆ ಕಥೆ, ಕಿವಿ ಹಿಂದೆ ಮತ್ತೆ ಹಣೆ ಮೇಲೆ ಚಿಕ್ಕ ಚಿಕ್ಕ ಗಾಯ ಇದ್ಯಾ ನೋಡಿ. ಸರಪಳಿನೂ ಹಾಗೇ, ರಾತ್ರಿ ಪಕ್ಕದ ಊರಿನ ಗದ್ದೆಗೆ ನುಗ್ಗದ ಹಾಗೆ ಉದ್ದ ಸರಪಳಿ ಹಾಕಿ ಕಾಡಲ್ಲಿ ಬಿಡೋದು ಇದೆ. ಮಧ್ಯಾಹ್ನ ಕಾಂಕ್ರೀಟ್ ಮೇಲೆ ಗಿಡ್ಡ ಸರಪಳೀಲಿ ನಿಂತಿದೆ ಅಂದ್ರೆ ನಾನು ಅಲ್ಲಿ ನಿಲ್ಲಲ್ಲ.

ನಿಂತಲ್ಲೇ ನಿಂತು ತಲೆ ಅತ್ತಿಂದಿತ್ತ ಒಂದೇ ತಾಳದಲ್ಲಿ ತೂಗ್ತಾ ಇದ್ರೆ, ಗೈಡ್ ಅದನ್ನ ಡ್ಯಾನ್ಸ್ ಅಂತಾನೆ, ಅದು ಡ್ಯಾನ್ಸ್ ಅಲ್ಲ, ಕಟ್ಟಿಹಾಕಿ ಬೇಸತ್ತ ಪ್ರಾಣಿ ಮಾಡೋದು. ಕಿವಿ ಬೀಸೋದು, ಬಾಲ ಆಡ್ಸೋದು ಆರಾಮಾಗಿದೆ ಅಂತ. ಕಿವಿ ಬೀಸೋದು ನಿಲ್ಸಿ ಮೈ ಬಿಗಿ ಮಾಡಿ ಬಾಲ ಸೆಟೆದು ನಿಂತ್ರೆ ಹಿಂದೆ ಸರೀರಿ. ಮರಿಗಳೇ ಜಾಸ್ತಿ ಇರೋ ಜಾಗದಲ್ಲಿ ಅಮ್ಮಂದಿರು ಎಲ್ಲಿ ಅಂತ ಕೇಳಿ, ಆನೆ ಗರ್ಭ ಸುಮಾರು 22 ತಿಂಗಳು, ಮರಿ ವರ್ಷಗಟ್ಲೆ ತಾಯಿ ಪಕ್ಕ ಬಿಡಲ್ಲ, ಒಂಟಿ ಮರಿ ಜೊತೆ ಸೆಲ್ಫಿ ಅಂದ್ರೆ ಏನೋ ತಪ್ಪಾಗಿದೆ ಅಂತಲೇ. ಎಲ್ಲಕ್ಕಿಂತ ಮುಖ್ಯವಾಗಿ, ಆನೆಗೆ ನಿಮ್ಮಿಂದ ದೂರ ಹೋಗ್ಬೇಕು ಅನ್ಸಿದ್ರೆ ಹೋಗೋಕೆ ಜಾಗ ಇದ್ಯಾ, ಹೋದ್ರೆ ಯಾರಾದ್ರೂ ಎಳೆದು ತರ್ತಾರಾ, ಅದನ್ನ ನೋಡಿ.

ನೇಗಿಲು_ಗೆರೆ

ಒಂದು ಬೇರೆ ಮಾತು ಹೇಳ್ತೀನಿ. ಎಲ್ರೂ ಹೀಗೆ ಇದು ಬೇಡ ಅದು ಬೇಡ ಅಂತ ಹೋದ್ರೆ ಮಾವುತರ ಹೊಟ್ಟೆ ಗತಿ? ಥಾಯ್ಲೆಂಡಲ್ಲಿ ಆನೆಗಳು ಮೊದ್ಲು ಕಾಡಲ್ಲಿ ದಿಮ್ಮಿ ಎಳೀತಿದ್ವು, 1989ರಲ್ಲಿ ಸರ್ಕಾರ ಮರ ಕಡಿಯೋದು ನಿಷೇಧ ಮಾಡ್ತು, ರಾತ್ರೋರಾತ್ರಿ ಆನೆಗೂ ಮಾವುತನಿಗೂ ಕೆಲಸ ಹೋಯ್ತು. ಕೆಲವರು ಆನೆ ಹಿಡ್ಕೊಂಡು ಬ್ಯಾಂಕಾಕ್ ಬೀದೀಲಿ ಭಿಕ್ಷೆ ಬೇಡಿದ್ರು, ಉಳಿದವರು ಪ್ರವಾಸಿಗಳ ಕಡೆ ಬಂದ್ರು. 2020ರಲ್ಲಿ ಕೋವಿಡ್ ಬಂದಾಗ ಕ್ಯಾಂಪ್‌ಗಳು ಖಾಲಿ ಆಗಿ ಮೇವಿಗೆ ದುಡ್ಡಿಲ್ದೆ, ಚಿಯಾಂಗ್ ಮಾಯ್ ಸುತ್ತಲಿನ ಕರೆನ್ ಅನ್ನೋ ಗುಡ್ಡಗಾಡು ಜನ ತಮ್ಮ ಆನೆಗಳನ್ನ ನಡೆಸ್ಕೊಂಡೇ ಗುಡ್ಡ ಹತ್ತಿ ಊರಿಗೆ ವಾಪಸ್ ಹೋದ್ರು. ಅವರೂ ಆನೇನ ಮನೆ ಮಗು ಥರ ನೋಡ್ಕೊಳೋರೇ. ದೂರದಿಂದ ಹೋದೋರು ಒಂದು ದಿನ ನಿಂತು ಅವರ ಮೇಲೆ ತೀರ್ಪು ಕೊಡೋದು ನನಗೆ ಸರಿ ಕಾಣಲ್ಲ.

ಅಲೆಮಾರಿ_ಚೀಲ

ಅಣ್ಣ ನೀವು ಹೇಳಿದ್ರಲ್ಲಿ ಒಂದು ಮಾತೂ ಸುಳ್ಳಲ್ಲ, ಅದಕ್ಕೇ ನಾನು ಹೋಗ್ಬೇಡಿ ಅಂದಿಲ್ಲ. ಹೋಗಿ, ದುಡ್ಡು ಕೊಡಿ, ಪೂರ್ತಿ ಟಿಕೆಟ್ ಕೊಡಿ, ಆದ್ರೆ ಆ ದುಡ್ಡು ಆನೇನ ಸುಮ್ನೆ ಬಿಡೋದಕ್ಕೆ ಸಿಗ್ಲಿ. ಜನ ಯಾವ್ದಕ್ಕೆ ಕೊಡ್ತಾರೋ ಮಾಲೀಕರು ಅದನ್ನೇ ಮಾಡ್ತಾರೆ. 2016ರಲ್ಲಿ ಟ್ರಿಪ್ ಅಡ್ವೈಸರ್ ಆನೆ ಸವಾರಿ ಟಿಕೆಟ್ ಮಾರೋದು ನಿಲ್ಸಿದ್ದೂ ಜನ ಕೇಳಿದ್ದಕ್ಕೇ ಅಲ್ವಾ. ಹಳೇ ಕ್ಯಾಂಪ್‌ಗಳು ಕುರ್ಚಿ ಇಳಿಸಿ ನೋಡೋದಕ್ಕೆ ಮಾತ್ರ ಅಂತ ಬದಲಾದಾಗ್ಲೂ ಮಾವುತರಿಗೆ ಕೆಲಸ ಇದ್ದೇ ಇರತ್ತೆ, ಆನೆ ಹಿಂದೆ ಇಡೀ ದಿನ ನಡಿಯೋಕೆ, ಮೇವು ತರೋಕೆ ಅವರಲ್ದೆ ಇನ್ಯಾರು ಗೊತ್ತಿರೋರು?

ನೇಗಿಲು_ಗೆರೆ

ಹಾಗಾದ್ರೆ ಒಪ್ತೀನಿ. ಮಾವುತರಿಗೆ ಎಷ್ಟು ಹೋಗತ್ತೆ, ಆನೆ ಯಾರದ್ದು, ಬಾಡಿಗೆಗೆ ತಂದಿದ್ದಾ ಸ್ವಂತದ್ದಾ ಅಂತಾನೂ ಬುಕ್ ಮಾಡೋಕೆ ಮುಂಚೆ ಕೇಳಿ ಮೇಡಂ.

ತೆಪ್ಪದ_ಹುಟ್ಟು

ನಾನು ತಮ್ಮನ ಪರವಾಗಿ ಬಂದೆ. ಒಂದೇ ದಿನದಲ್ಲಿ ಎರಡೂ ಆರಾಮಾಗಿ ಆಗತ್ತೆ, ಯಾಕಂದ್ರೆ ಎರಡೂ ಇರೋದು ಒಂದೇ ಕಣಿವೇಲಿ. ಊರಿಂದ ಉತ್ತರಕ್ಕೆ ಮೇ ತೆಂಗ್ ನದಿ ಕಣಿವೆ, ಸುಮಾರು 60 ಕಿಲೋಮೀಟರ್, ವ್ಯಾನಲ್ಲಿ ಒಂದು ಒಂದೂವರೆ ಗಂಟೆ. ಆನೆ ಬೆಳಿಗ್ಗೇನೇ ಇಟ್ಕೊಳಿ, ಬಿಸಿಲೇರಿದ್ಮೇಲೆ ಅವು ನೆರಳು ಹುಡುಕ್ಕೊಂಡು ನಿಂತ್ಬಿಡತ್ತೆ. ಮಧ್ಯಾಹ್ನ ನದಿ.

ನವೆಂಬರ್ ಒಳ್ಳೇ ತಿಂಗಳು. ಜುಲೈಯಿಂದ ಅಕ್ಟೋಬರ್ ತನಕ ಮಳೆ ನೀರು ಜೋರಾಗಿರತ್ತೆ, ಮಾರ್ಚ್ ಏಪ್ರಿಲಲ್ಲಿ ಬಂಡೆ ಮೇಲೆ ಬೋಟ್ ಎಳೆಯೋ ಹಾಗಾಗತ್ತೆ, ಮತ್ತೆ ಆಗ ಸುತ್ತ ಹೊಲ ಕಾಡು ಸುಡೋ ಹೊಗೆ ಬೇರೆ. ನವೆಂಬರಲ್ಲಿ ನೀರೂ ಇರತ್ತೆ, ಆಕಾಶಾನೂ ತಿಳಿಯಾಗಿರತ್ತೆ. ದೀಪದ ಹಬ್ಬ ಯೀ ಪೆಂಗ್ ನವೆಂಬರ್ ಹುಣ್ಣಿಮೆ ಹೊತ್ತಿಗೇ ಬರೋದು, ಆ ವಾರ ಆದ್ರೆ ಎಲ್ಲಾ ಬೇಗ ಬುಕ್ ಮಾಡಿ.

ರ್‍ಯಾಪಿಡ್‌ಗಳಿಗೆ, ಅಂದ್ರೆ ನೀರು ಬಂಡೆ ಮಧ್ಯೆ ನುಗ್ಗಿ ಹರಿಯೋ ಜಾಗಗಳಿಗೆ, 1ರಿಂದ (ಸುಲಭ) 6ರ (ತುಂಬಾ ಅಪಾಯ) ತನಕ ಗ್ರೇಡ್ ಇದೆ, ಇಲ್ಲಿ ನೀರಿನ ಮೇಲೆ 2ರಿಂದ 4 ಅಂತ ಇಟ್ಕೊಳಿ. ಅವತ್ತಿನ ಗ್ರೇಡ್ ಎಷ್ಟು ಅಂತ ಅವತ್ತೇ ಕೇಳಿ. ಲೈಫ್ ಜಾಕೆಟ್ ಹಾಕ್ಕೊಂಡ್ಮೇಲೆ ಯಾರಿಗಾದ್ರೂ ಹೇಳಿ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ, ಕಿವಿ ತನಕ ಬಂದ್ರೆ ಸಡಿಲ ಇದೆ, ಇನ್ನೂ ಬಿಗಿ ಮಾಡ್ಬೇಕು. ಬೋಟಿಂದ ಬಿದ್ರೆ ಅಂಗಾತ ಮಲಗಿ ಕಾಲು ಮುಂದೆ ಮಾಡಿ ತೇಲ್ಬೇಕು, ಹರಿಯೋ ನೀರಲ್ಲಿ ಎದ್ದು ನಿಲ್ಲೋಕೆ ಹೋಗ್ಬಾರ್ದು, ಕಾಲು ಬಂಡೆ ಸಂದಿಗೆ ಸಿಕ್ಕಿದ್ರೆ ನೀರು ಮೇಲಿಂದ ಒತ್ತತ್ತೆ. ಹೊರಡೋ ಮುಂಚೆ ದಡದಲ್ಲಿ ನಿಲ್ಸಿ ಇದನ್ನೆಲ್ಲಾ ಹೇಳ್ಕೊಡದ ಕಂಪನಿ ಜೊತೆ ನೀರಿಗೆ ಇಳೀಲೇಬೇಡಿ. ಹತ್ತು ವರ್ಷದ ಮಗೂನ ಎಲ್ಲಾ ಕಡೆ ತಗೊಳಲ್ಲ, ಮೊದ್ಲೇ ಬರೆದು ಕೇಳಿ.

ಮಗಳನ್ನ ತಗೊಳ್ಳಿಲ್ಲ ಅಂದ್ರೆ ಬೇಜಾರ್ ಬೇಡ, ತಮ್ಮ ನದೀಲಿರೋ ಹೊತ್ತಿಗೆ ನೀವು ಮೂವರು ಬುವಾ ತೊಂಗ್ ಜಲಪಾತಕ್ಕೆ ಹೋಗಿ. ಅದೂ ಉತ್ತರಕ್ಕೇ, ಆದ್ರೆ ರಸ್ತೆ ಬೇರೆ, ಹಾಗಾಗಿ ಗಾಡಿ ಬೇರೆ ಮಾಡ್ಬೇಕಾಗತ್ತೆ. ಅಲ್ಲಿ ಹರಿಯೋ ನೀರಲ್ಲೇ ಬರಿಗಾಲಲ್ಲಿ ಜಲಪಾತ ಹತ್ಬಹುದು! ಬುಗ್ಗೆ ನೀರಲ್ಲಿರೋ ಸುಣ್ಣದ ಅಂಶ ಬಂಡೆ ಮೇಲೆ ಪದರ ಪದರವಾಗಿ ಕೂತು, ಕಾಲಿಟ್ರೆ ಹಿಮ್ಮಡಿ ಉಜ್ಜೋ ಕಲ್ಲಿನ ಥರ ತರಿ ತರಿ, ಜಾರೋದೇ ಇಲ್ಲ. ಹಸಿರು ಪಾಚಿ ಕಟ್ಟಿರೋ ಕಡೆ ಮಾತ್ರ ಕಾಲಿಡ್ಬೇಡಿ, ಕಡಿದಾದ ಕಡೆ ಹಗ್ಗ ಕಟ್ಟಿದಾರೆ. ಜಿಪ್‌ಲೈನ್ ಬಿಟ್ಬಿಡಿ, ಒಂದು ದಿನಕ್ಕೆ ಅಷ್ಟು ತುರುಕಿದ್ರೆ ಆನೆ ಹತ್ರ ಅರ್ಧ ಗಂಟೆನೂ ನಿಲ್ಲೋಕಾಗಲ್ಲ.

ಹೊಳೆದಂಡೆ

ಅಪ್‌ಡೇಟ್: ಮೂರು ಕೇಂದ್ರಕ್ಕೆ ಮೇಲ್ ಮಾಡಿದ್ದೆ, ಆನೆ ಯಾರದ್ದು, ದಿನಕ್ಕೆ ಎಷ್ಟು ಜನ, ಆನೆ ಆ ದಿನ ನಮ್ಮ ಹತ್ರ ಬರ್ಲಿಲ್ಲ ಅಂದ್ರೆ ಏನ್ ಮಾಡ್ತೀರಿ ಅಂತ. ಒಬ್ರು ಉತ್ತರಾನೇ ಕೊಡ್ಲಿಲ್ಲ. ಒಬ್ರು "ಚಿಂತೆ ಮಾಡ್ಬೇಡಿ, ಬಂದೇ ಬರುತ್ತೆ, ಗ್ಯಾರಂಟಿ" ಅಂತ ಬರೆದ್ರು. ಮೂರನೆಯವರು "ಬರದೇ ಇರಬಹುದು, ಹಾಗಾದರೆ ದೂರದಿಂದ ನೋಡಬೇಕಾಗುತ್ತೆ, ಬೈನಾಕ್ಯುಲರ್ ತನ್ನಿ" ಅಂದ್ರು, ಅವರ ಹತ್ರಾನೇ ಬುಕ್ ಮಾಡ್ದೆ. ತಮ್ಮಂಗೆ ರಾಫ್ಟಿಂಗ್ ಬೇರೆ ಕಡೆ ಆಯ್ತು, ಮಗಳಿಗೆ ಹನ್ನೆರಡು ಆಗಿರ್ಬೇಕಂತೆ, ಹಾಗಾಗಿ ನಾವು ಬುವಾ ತೊಂಗ್. ಬೈನಾಕ್ಯುಲರ್ ಮನೇಲಿ ಇಲ್ಲ, ಮಗು ಕೈಗೆ ಭಾರ ಆಗದ್ದು ಯಾವ್ದು ತಗೋಬಹುದು ಹೇಳ್ತೀರಾ?

ಗೊರಸು_ಮತ್ತು_ಸೊಂಡಿಲು

8x32 ಅಂತ ಬರೆದಿರೋದು ನೋಡಿ ತಗೊಳಿ, ಕೈ ನಡುಗಿದ್ರೂ ಚಿತ್ರ ಅಷ್ಟು ಅಲ್ಲಾಡಲ್ಲ. ಮಗಳಿಗೆ ಇನ್ನೊಂದು ಹೇಳಿ, ಎರಡು ಆನೆ ಹತ್ರ ಹತ್ರ ಬಂದಾಗ ಮಾತು ನಿಲ್ಸಿ ಸುಮ್ನೆ ನಿಂತ್ಕೊಂಡು ಎದೆ ಮೇಲೆ ಕೈ ಇಟ್ಕೊ ಅಂತ. ಅವುಗಳ ಗುರುಗುಟ್ಟೋ ದನಿ ಕೆಲವು ನಮ್ಮ ಕಿವಿಗೆ ಸಿಗದಷ್ಟು ತಗ್ಗಲ್ಲಿರತ್ತೆ, ಹತ್ರ ಇದ್ರೆ ಎದೇಲಿ ಸಣ್ಣಗೆ ಅದುರಿದ ಹಾಗೆ ಗೊತ್ತಾಗತ್ತೆ.