ಗ್ಲೋಬಲ್ ಎಂಟ್ರಿ ಸಂಖ್ಯೆ ಕೊಟ್ಟರೂ ಪ್ರಿಚೆಕ್ ಸಾಲು ಸಿಗದಿರುವುದು ಏಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನವಳು, ಗ್ರೀನ್ ಕಾರ್ಡ್ ಪಡೆದು ಡಲ್ಲಾಸ್‌ನಲ್ಲಿ ನೆಲೆಸಿದ್ದೇನೆ. ಗ್ಲೋಬಲ್ ಎಂಟ್ರಿ (ಅಮೆರಿಕಕ್ಕೆ ಬಂದಿಳಿದಾಗ ಇಮಿಗ್ರೇಷನ್ ಬೇಗ ಮುಗಿಸುವ ಯೋಜನೆ) ಸದಸ್ಯತ್ವದ ಸಂಖ್ಯೆಯನ್ನು ಟಿಕೆಟ್ ಕಾಯ್ದಿರಿಸುವಾಗಲೇ ನಮೂದಿಸಿದ್ದೆ. ಆದರೂ ಬೋರ್ಡಿಂಗ್ ಪಾಸ್‌ನಲ್ಲಿ ಟಿಎಸ್‌ಎ ಪ್ರಿಚೆಕ್ ಗುರುತು, ಅಂದರೆ ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎಯ ಬೇಗ ಮುಗಿಯುವ ತಪಾಸಣೆ ಸಾಲಿನ ಗುರುತು, ಬರಲಿಲ್ಲ. ಕಾರ್ಡ್ ತೋರಿಸಿದರೂ ಸಿಬ್ಬಂದಿ ಆ ಸಾಲಿಗೆ ಬಿಡಲಿಲ್ಲ. ತೊಡಕು ಎಲ್ಲಿರಬಹುದು? ಸಂದರ್ಶಕ ವೀಸಾದಲ್ಲಿ ಬರಲಿರುವ ನನ್ನ ತಂದೆತಾಯಿಯನ್ನು ನನ್ನೊಂದಿಗೆ ಅದೇ ಸಾಲಿನಲ್ಲಿ ಕರೆದೊಯ್ಯಬಹುದೇ? ಅಮ್ಮನಿಗೆ ಮಂಡಿನೋವಿದೆ.

ಉತ್ತರ: ನಮಸ್ಕಾರ ಮೇಡಂ. ಸಿಬ್ಬಂದಿ ನೋಡುವುದು ಬೋರ್ಡಿಂಗ್ ಪಾಸ್‌ಗೆ ಸೇರಿರುವ ಗುರುತನ್ನೇ ಹೊರತು ಕಾರ್ಡನ್ನಲ್ಲ. ವಿಮಾನಯಾನ ಸಂಸ್ಥೆಯು ಪ್ರಯಾಣಕ್ಕೆ ಸುಮಾರು 72 ಗಂಟೆ ಮೊದಲು ನಿಮ್ಮ ಪೂರ್ಣ ಹೆಸರು, ಜನ್ಮದಿನಾಂಕ ಮತ್ತು ಸಂಖ್ಯೆಯನ್ನು ಟಿಎಸ್‌ಎಗೆ ಕಳುಹಿಸುತ್ತದೆ. ಅವು ಅರ್ಜಿಯಲ್ಲಿ ನೀವು ಕೊಟ್ಟ ವಿವರಗಳೊಂದಿಗೆ ತಾಳೆಯಾದರೆ ಮಾತ್ರ ಗುರುತು ಮುದ್ರಣವಾಗುತ್ತದೆ.

ನಮ್ಮವರ ಟಿಕೆಟ್‌ಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತೊಡಕು ಹೆಸರಿನದೇ. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಅಥವಾ ಊರಿನ ಹೆಸರು ಪೂರ್ತಿಯಾಗಿ ಸೇರಿರುತ್ತದೆ, ಟಿಕೆಟ್‌ನಲ್ಲಿ ಅದು ಬರೀ ಇನಿಷಿಯಲ್ ಆಗಿಬಿಟ್ಟಿರುತ್ತದೆ. ಕೆಲವರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (‘ಫಸ್ಟ್ ನೇಮ್ ಅನ್‌ನೋನ್’, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂಬ ಅಕ್ಷರಗಳು ಸೇರಿಕೊಂಡಿರುತ್ತವೆ; ಅಂಥವರ ಅರ್ಜಿಯಲ್ಲಿ ಒಂದು ರೂಪ, ಟಿಕೆಟ್‌ನಲ್ಲಿ ಇನ್ನೊಂದು ರೂಪ ಉಳಿಯುವುದು ತೀರಾ ಸಹಜ. ಆದ್ದರಿಂದ ನೀವು ಗ್ಲೋಬಲ್ ಎಂಟ್ರಿಗೆ ಅರ್ಜಿ ಹಾಕಿದ ಟ್ರಸ್ಟೆಡ್ ಟ್ರಾವೆಲರ್ ಖಾತೆಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಟಿಕೆಟ್‌ನಲ್ಲೂ, ವಿಮಾನಯಾನ ಸಂಸ್ಥೆಯ ನಿಮ್ಮ ಪ್ರೊಫೈಲ್‌ನಲ್ಲೂ ಇದೆಯೇ ಎಂದು ಅಕ್ಷರಶಃ ಹೋಲಿಸಿ ನೋಡಿ.

ಸಂಖ್ಯೆಯನ್ನೂ ಪರಿಶೀಲಿಸಿ. ಬೇಕಿರುವುದು ಕಾರ್ಡ್‌ನ ಹಿಂಬದಿಯಲ್ಲಿರುವ ಒಂಬತ್ತು ಅಂಕಿಗಳ ಪಾಸ್‌ಐಡಿ. ಅದನ್ನು ‘ನೋನ್ ಟ್ರಾವೆಲರ್ ನಂಬರ್’ ಎಂಬ ಜಾಗದಲ್ಲೇ ತುಂಬಬೇಕು. ಪಕ್ಕದ ‘ರಿಡ್ರೆಸ್ ನಂಬರ್’ ಎಂಬುದು, ಬೇರೆಯವರೆಂದು ತಪ್ಪಾಗಿ ತಿಳಿದು ಪದೇಪದೇ ತಡೆಹಿಡಿಯಲ್ಪಟ್ಟವರಿಗೆ ಕೊಡುವಂಥದ್ದು. ಏಜೆಂಟರ ಮೂಲಕ ಟಿಕೆಟ್ ಮಾಡಿಸಿದ್ದರೆ ಸಂಖ್ಯೆ ವಿಮಾನಯಾನ ಸಂಸ್ಥೆಯ ದಾಖಲೆಗೆ ತಲುಪಿದೆಯೇ ಎಂದು ಚೆಕ್‌ಇನ್‌ಗೆ ಮೊದಲೇ ನೋಡಿಕೊಳ್ಳಿ. ಪ್ರಿಚೆಕ್‌ನಲ್ಲಿ ಪಾಲ್ಗೊಳ್ಳದ ಸಂಸ್ಥೆಯ ವಿಮಾನವಾಗಿದ್ದರೆ ಗುರುತು ಬರುವುದಿಲ್ಲ. ಎಲ್ಲವೂ ಸರಿಯಿದ್ದರೂ ಒಮ್ಮೊಮ್ಮೆ ಸಾಮಾನ್ಯ ತಪಾಸಣೆಗೆ ಕಳುಹಿಸುವ ಅಧಿಕಾರವನ್ನು ಟಿಎಸ್‌ಎ ಉಳಿಸಿಕೊಂಡಿದೆ.

ತಂದೆತಾಯಿಯನ್ನು ನಿಮ್ಮ ಸದಸ್ಯತ್ವದ ಮೇಲೆ ಕರೆದೊಯ್ಯಲಾಗದು; ಹಾಗೆ ಜೊತೆಗೆ ಬರಬಹುದಾದವರು 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು, ಮತ್ತು ಒಂದೇ ಬುಕಿಂಗ್‌ನಲ್ಲಿದ್ದು ತಮ್ಮ ಬೋರ್ಡಿಂಗ್ ಪಾಸ್‌ನಲ್ಲೂ ಪ್ರಿಚೆಕ್ ಗುರುತು ಬಂದಿರುವ 13ರಿಂದ 17 ವರ್ಷದ ಮಕ್ಕಳು. ಅಮ್ಮನವರಿಗಾಗಿ ವಿಮಾನಯಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ ಗಾಲಿಕುರ್ಚಿ ಕಾಯ್ದಿರಿಸಿ. ಅಮೆರಿಕದೊಳಗಿನ ಪ್ರಯಾಣಕ್ಕೆ 72 ಗಂಟೆ ಮೊದಲು ಟಿಎಸ್‌ಎಯ ಸಹಾಯವಾಣಿಯಾದ ಟಿಎಸ್‌ಎ ಕೇರ್ಸ್‌ಗೆ ಕರೆ ಮಾಡಿದರೆ ತಪಾಸಣೆಯ ಸ್ಥಳದಲ್ಲಿ ನೆರವು ಕೇಳಬಹುದು. ಮಂಡಿನೋವಿರುವ ಹಿರಿಯರನ್ನು ಉದ್ದನೆಯ ಸಾಲಿನಲ್ಲಿ ನಿಲ್ಲಿಸುವುದಕ್ಕಿಂತ ಇದೇ ಮೇಲು. ಕೇಳಲು ದಯವಿಟ್ಟು ಸಂಕೋಚಪಡಬೇಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನಾನು ಎಚ್‌-1ಬಿ ವೀಸಾದಲ್ಲಿದ್ದೇನೆ. ನಾನೂ ಪ್ರಿಚೆಕ್‌ಗೆ ಅರ್ಜಿ ಹಾಕಬಹುದೇ? ಬೆಂಗಳೂರಿನಲ್ಲಿ ಆರಂಭವಾಗಿರುವ ಎಫ್‌ಟಿಐ-ಟಿಟಿಪಿ (ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ - ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ) ಕೂಡ ಇಂಥದ್ದೇ ವ್ಯವಸ್ಥೆಯೇ?

ಉತ್ತರ: ಪ್ರಿಚೆಕ್‌ಗೆ ನೇರವಾಗಿ ಅರ್ಜಿ ಹಾಕುವ ಅವಕಾಶ ಅಮೆರಿಕದ ಪ್ರಜೆಗಳಿಗೂ ಖಾಯಂ ನಿವಾಸಿಗಳಿಗೂ ಇದೆ, ಎಚ್‌-1ಬಿ ವೀಸಾದವರಿಗೆ ಇಲ್ಲ. ಆದರೆ ಭಾರತೀಯ ಪ್ರಜೆಗಳು 2017ರಿಂದ ಗ್ಲೋಬಲ್ ಎಂಟ್ರಿಗೆ ಅರ್ಹರಾಗಿದ್ದು, ಅದು ದೊರೆತರೆ ಪ್ರಿಚೆಕ್ ಸೌಲಭ್ಯವೂ ಜೊತೆಗೇ ಬರುತ್ತದೆ. ಶುಲ್ಕ 2024ರ ಅಕ್ಟೋಬರ್‌ನಿಂದ 120 ಡಾಲರ್, ಅವಧಿ ಐದು ವರ್ಷ. ಭಾರತದ ಕಡೆಯಿಂದಲೂ ಹಿನ್ನೆಲೆ ಪರಿಶೀಲನೆ ನಡೆಯುವುದರಿಂದ ಪ್ರಯಾಣ ಹತ್ತಿರ ಬಂದಾಗ ಅರ್ಜಿ ಹಾಕಿ ನೆಚ್ಚಿಕೊಳ್ಳಬೇಡಿ.

ಎಫ್‌ಟಿಐ-ಟಿಟಿಪಿ ಬೇರೆಯೇ ವ್ಯವಸ್ಥೆ. ಭಾರತೀಯ ಪ್ರಜೆಗಳು ಮತ್ತು ಒಸಿಐ ಕಾರ್ಡ್ ಹೊಂದಿದವರಿಗಾಗಿ 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಆರಂಭವಾದ ಇದು, 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂದಿತು. ಇದರಿಂದ ಬೇಗ ಮುಗಿಯುವುದು ಇಮಿಗ್ರೇಷನ್ ಮಾತ್ರ. ಸಿಐಎಸ್‌ಎಫ್ ಸಿಬ್ಬಂದಿಯ ಭದ್ರತಾ ತಪಾಸಣೆ ಎಂದಿನಂತೆಯೇ ಇರುತ್ತದೆ, ಅಮೆರಿಕದ ಸಂಖ್ಯೆಯೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.