‘ಕಡಿತ’ಕ್ಕೆ ಬದಲು ಯಾವ ಪದ? – ಸೌರವಿದ್ಯುತ್ ಕೈಪಿಡಿಯೊಂದರ ತೊಡಕು

ಸೌರವಿದ್ಯುತ್ ಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡುವವರಿಗಾಗಿ ಸಿದ್ಧವಾಗುತ್ತಿರುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇನ್ವರ್ಟರ್ (ಫಲಕಗಳ ವಿದ್ಯುತ್ತನ್ನು ಗ್ರಿಡ್‌ಗೆ ಹೊಂದುವಂತೆ ಬದಲಿಸುವ ಯಂತ್ರ), ಗ್ರಿಡ್ (ವಿದ್ಯುತ್ ಜಾಲ), ಸ್ಕಾಡಾ (ಯಂತ್ರಗಳ ಮೇಲೆ ದೂರದಿಂದಲೇ ಕಣ್ಣಿಟ್ಟು ನಿಯಂತ್ರಿಸುವ ವ್ಯವಸ್ಥೆ) ಮುಂತಾದವು ಅಲ್ಲಿಯವರ ಬಾಯಲ್ಲಿ ಪಳಗಿರುವುದರಿಂದ ಅವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಕರ್ಟೇಲ್‌ಮೆಂಟ್, ಅಂದರೆ ಆದೇಶದ ಮೇರೆಗೆ ಸ್ಥಾವರದ ಉತ್ಪಾದನೆಯನ್ನು ಇಳಿಸುವುದು, ಎಂಬ ಒಂದು ಪದ ಮಾತ್ರ ಮೂರು ದಿನದಿಂದ ಬಗೆಹರಿಯದೆ ಉಳಿದಿದೆ. ಮೊದಲ ಕರಡಿನಲ್ಲಿ ಅದನ್ನು ‘ವಿದ್ಯುತ್ ಕಡಿತ’ ಎಂದು ಬರೆದಿದ್ದೆ. ‘ಮಧ್ಯಾಹ್ನ 12ರಿಂದ 1ರವರೆಗೆ ವಿದ್ಯುತ್ ಕಡಿತವಿದ್ದಲ್ಲಿ ದಿನಚರಿಯಲ್ಲಿ ನಮೂದಿಸಬೇಕು’ ಎಂಬ ವಾಕ್ಯವನ್ನು ಓದಿದ ಅಲ್ಲಿನ ಆಪರೇಟರ್ ಒಬ್ಬರು, ‘ಅಂದರೆ ನಮ್ಮ ಆಫೀಸಿಗೆ ಕರೆಂಟ್ ಹೋದರೆ ಬರೆಯಬೇಕೇ?’ ಎಂದು ಕೇಳಿದರು. ತಪ್ಪು ಅವರದಲ್ಲ. ಐವತ್ತು ವರ್ಷಗಳಿಂದ ಕನ್ನಡ ಪತ್ರಿಕೆ ಓದುವ ಯಾರಿಗೇ ಆಗಲಿ, ವಿದ್ಯುತ್ ಕಡಿತವೆಂದರೆ ಮನೆಯ ದೀಪ ಆರುವುದೇ ಹೊರತು ಸ್ಥಾವರದ ಉತ್ಪಾದನೆ ಇಳಿಯುವುದಲ್ಲ.

ಪದದ ಮಾತಿಗೆ ಮೊದಲು ಕ್ರಿಯೆ ಏನೆಂಬುದನ್ನು ಹೇಳಬೇಕು. ಗ್ರಿಡ್‌ಗೆ ಬಂದು ಸೇರುವ ವಿದ್ಯುತ್ತೂ ಅದರಿಂದ ಬಳಕೆಯಾಗುವ ವಿದ್ಯುತ್ತೂ ಕ್ಷಣಕ್ಷಣವೂ ಸರಿಸಮವಾಗಿದ್ದರಷ್ಟೇ ಆವರ್ತನ 50 ಹರ್ಟ್ಸ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಿಸಿಲೂ ಗಾಳಿಯೂ ನಮ್ಮ ಮಾತು ಕೇಳುವುದಿಲ್ಲವಾದ್ದರಿಂದ, ದಿನವನ್ನು ಹದಿನೈದು ನಿಮಿಷಗಳ 96 ಭಾಗಗಳಾಗಿ ಒಡೆದು, ಯಾವ ಭಾಗದಲ್ಲಿ ಎಷ್ಟು ಉತ್ಪಾದನೆಯಾದೀತೆಂಬ ಲೆಕ್ಕವನ್ನು ಮುಂಚಿತವಾಗಿ ಕೊಡುವ ಪದ್ಧತಿ ಇದೆ. ಉಪಗ್ರಹ ತೆಗೆದ ಮೋಡಗಳ ಚಿತ್ರ, ಹವಾಮಾನ ಮಾದರಿಗಳು ಮತ್ತು ಅದೇ ಸ್ಥಾವರದ ಹಿಂದಿನ ಅಂಕಿಗಳನ್ನು ಬೆರೆಸಿ ಈ ಲೆಕ್ಕ ಕಟ್ಟುವುದು ತಂತ್ರಾಂಶ. ಇದಕ್ಕೆ ‘ಮುನ್ನಂದಾಜು’ ಎಂದು ಬರೆದೆ, ಅದರಲ್ಲಿ ತೊಡಕಾಗಲಿಲ್ಲ.

ಇಷ್ಟಾದರೂ ಒಮ್ಮೊಮ್ಮೆ ಬೇಡಿಕೆಗಿಂತ ಉತ್ಪಾದನೆ ಹೆಚ್ಚುತ್ತದೆ, ಇಲ್ಲವೇ ಸಾಗಣೆ ಮಾರ್ಗಕ್ಕೆ ತಾಳುವಷ್ಟು ಸಾಮರ್ಥ್ಯವಿರುವುದಿಲ್ಲ. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಪಾರ್ಕಿನ ಸಾಮರ್ಥ್ಯವೇ 2,050 ಮೆಗಾವಾಟ್ ಎಂದರೆ, ಇಂಥ ಕಡೆ ನಡುಹಗಲಿನಲ್ಲಿ ಏಕಕಾಲಕ್ಕೆ ಬರುವ ವಿದ್ಯುತ್ತಿನ ಪ್ರಮಾಣವನ್ನು ಊಹಿಸಬಹುದು. ಗ್ರಿಡ್‌ನ ಸುರಕ್ಷತೆಗೆ ಧಕ್ಕೆಯಾಗುವಂತಿದ್ದಾಗ ಗ್ರಿಡ್‌ನ ಸಮತೋಲ ಕಾಯುವ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಸ್ಥಾವರಕ್ಕೆ ‘ಇಷ್ಟಕ್ಕೆ ಇಳಿಸಿ’ ಎಂಬ ಆದೇಶ ಬರುತ್ತದೆ. ನಿಯಂತ್ರಕ ತಂತ್ರಾಂಶವು ಆ ಅಂಕಿಯನ್ನು ಇನ್ವರ್ಟರ್‌ಗಳಿಗೆ ಹಂಚುತ್ತದೆ. ಪ್ರತಿ ಇನ್ವರ್ಟರ್ ತನ್ನ ಫಲಕಗಳ ವೋಲ್ಟೇಜನ್ನು ಗರಿಷ್ಠ ಶಕ್ತಿ ದೊರೆಯುವ ನೆಲೆಯಿಂದ ತುಸು ಸರಿಸುತ್ತದೆ. ಯಾವ ಸ್ವಿಚ್ಚೂ ಆರಬೇಕಿಲ್ಲ, ಯಾವ ತಂತಿಯೂ ತುಂಡಾಗುವುದಿಲ್ಲ. ಪರದೆಯ ಮೇಲಿನ ಉತ್ಪಾದನೆಯ ಗೆರೆಯೊಂದು ಗುಡ್ಡದ ನೆತ್ತಿಯನ್ನು ಸವರಿ ಮಟ್ಟ ಮಾಡಿದಂತೆ ಚಪ್ಪಟೆಯಾಗುತ್ತದೆ, ಅಷ್ಟೆ.

ಹೀಗಿರುವಾಗ ‘ಕಡಿತ’ ಸಲ್ಲುತ್ತದೆಯೇ? ‘ವೆಚ್ಚ ಕಡಿತ’, ‘ಸಂಬಳ ಕಡಿತ’ಗಳಲ್ಲಿ ಆ ಪದಕ್ಕೆ ಇಳಿಕೆಯೆಂಬ ಅರ್ಥವೇ ಇದೆಯಲ್ಲ, ‘ಉತ್ಪಾದನೆ ಕಡಿತ’ ಎಂದರೆ ಸಾಲದೇ ಎಂದು ಕೇಳಬಹುದು. ಕೈಪಿಡಿಯಲ್ಲಿ ಸಾಕಾದೀತು. ಆದರೆ ಸುದ್ದಿಯ ತಲೆಬರಹದಲ್ಲಿ ‘ಉತ್ಪಾದನೆ’ ಎಂಬ ಉದ್ದದ ಪದ ಮೊದಲು ಉದುರಿ, ‘ಸೌರವಿದ್ಯುತ್ ಕಡಿತ’ವಷ್ಟೇ ಉಳಿಯುತ್ತದೆಂಬುದು ನನ್ನ ಅಂಜಿಕೆ. ‘ಮೊಟಕು’ ನಮ್ಮಲ್ಲಿ ಅಧಿವೇಶನಕ್ಕೋ ಪ್ರವಾಸಕ್ಕೋ ಹೊಂದುತ್ತದೆ, ಏಕೆಂದರೆ ಅದು ಕಾಲವನ್ನು ಕುಗ್ಗಿಸುವ ಮಾತು. ಇಲ್ಲಿ ಕುಗ್ಗುವುದು ಪ್ರಮಾಣ. ‘ತಡೆಹಿಡಿ’ ಇನ್ನೂ ತಪ್ಪು, ಏಕೆಂದರೆ ತಡೆಹಿಡಿದ ಸಂಬಳ ಎಂದಾದರೂ ಕೈಸೇರೀತೆಂಬ ಆಸೆ ಇರುತ್ತದೆ, ಈ ವಿದ್ಯುತ್ತು ಎಲ್ಲಿಯೂ ಕೂಡಿಟ್ಟಿರುವುದಿಲ್ಲ.

ಕೆರೆಯ ಪರಿಭಾಷೆಯತ್ತಲೂ ಕಣ್ಣಾಡಿಸಿದೆ. ಡಿಸ್ಪ್ಯಾಚ್ ಕೇಂದ್ರದಲ್ಲಿ ಕುಳಿತವರು ಮಾಡುವುದು ಹೆಚ್ಚುಕಡಿಮೆ ನೀರುಗಂಟಿಯ ಕೆಲಸವನ್ನೇ. ಆದರೆ ತೂಬು ಮುಚ್ಚಿದರೆ ನೀರು ಕೆರೆಯಲ್ಲಿ ಉಳಿಯುತ್ತದೆ, ಕೋಡಿ ಹರಿದರೆ ಕೆಳಗಿನ ಊರಿನ ಕೆರೆ ತುಂಬುತ್ತದೆ. ಬಳಸದ ಬಿಸಿಲು ಫಲಕವನ್ನು ಇನ್ನಷ್ಟು ಬಿಸಿ ಮಾಡುವುದರ ಹೊರತು ಮತ್ತೇನನ್ನೂ ಮಾಡದು. ಹೋಲಿಕೆ ಅರ್ಧ ದಾರಿಯಲ್ಲೇ ಕೈಬಿಟ್ಟಿತು.

ಈ ಪದಕ್ಕೆ ಅಂಟಿಕೊಂಡಿರುವ ಇನ್ನೊಂದು ಪದವೇ, ಅಂದರೆ ಹೀಗೆ ಇಳಿಸಿದ್ದರಿಂದ ಉತ್ಪಾದನೆಯಾಗದೇ ಹೋದ ವಿದ್ಯುತ್ತಿಗೆ ಹೇಳುವ ಪದವೇ, ನನಗೆ ಹೆಚ್ಚು ಕಷ್ಟ ಕೊಟ್ಟಿದೆ. 80 ಮೆಗಾವಾಟ್ ಕೊಡಬಹುದಾಗಿದ್ದ ಸ್ಥಾವರವನ್ನು ಒಂದು ಗಂಟೆಯ ಕಾಲ 50ಕ್ಕೆ ಇಳಿಸಿದರೆ 30,000 ಯೂನಿಟ್ ನಷ್ಟ. ಆದರೆ ಹುಟ್ಟದೇ ಹೋದ ಯೂನಿಟ್ಟನ್ನು ಯಾವ ಮೀಟರೂ ಎಣಿಸಲಾರದು. ಬಿದ್ದ ಬಿಸಿಲಿನ ತೀವ್ರತೆಯನ್ನೂ ಫಲಕಗಳ ತಾಪಮಾನವನ್ನೂ ಅಳೆದು, ಆಗಬಹುದಾಗಿದ್ದ ಉತ್ಪಾದನೆ ಎಷ್ಟೆಂದು ತಂತ್ರಾಂಶವೇ ಲೆಕ್ಕ ಹಾಕಬೇಕು. ಪರಿಹಾರದ ತಕರಾರುಗಳಲ್ಲಿ ಮುಖ್ಯವಾಗುವುದು ಈ ಅಂಕಿಯೇ. ಇದನ್ನು ‘ನಷ್ಟ’ ಎಂದರೆ ತಂತಿಯಲ್ಲಿ ಸೋರಿಹೋಗುವ ಸಾಗಣೆ ನಷ್ಟದೊಡನೆ ಗೊಂದಲವಾಗುತ್ತದೆ. ಸದ್ಯಕ್ಕೆ ‘ಕೈಬಿಟ್ಟ ಉತ್ಪಾದನೆ’ ಎಂದು ಬರೆದಿದ್ದೇನೆ, ತೃಪ್ತಿಯಿಲ್ಲ.

ಮೂಲಪದಕ್ಕೆ ನನ್ನ ಒಲವು ‘ತಗ್ಗಿಸು’ ಎಂಬ ಕ್ರಿಯಾಪದದತ್ತ. ‘ಉತ್ಪಾದನೆಯನ್ನು 50ಕ್ಕೆ ತಗ್ಗಿಸಲಾಯಿತು’ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ. ತೊಂದರೆಯಿರುವುದು ನಾಮಪದದಲ್ಲಿ: ‘ತಗ್ಗಿಸುವಿಕೆ’ ನಾಲಿಗೆಗೆ ಭಾರ, ‘ತಗ್ಗಿಕೆ’ ನಾನೇ ಕಟ್ಟಿದಂತೆ ಕಾಣುತ್ತದೆ. ಆ ಆಪರೇಟರನ್ನು ನೀವೇನೆನ್ನುತ್ತೀರಿ ಎಂದು ಕೇಳಿದ್ದಕ್ಕೆ, ‘ಬ್ಯಾಕ್‌ಡೌನ್ ಮಾಡ್ಸಿದ್ರು ಅಂತೀವಿ ಸಾರ್’ ಎಂದರು. ಅದನ್ನೇ ಉಳಿಸಿಕೊಂಡು, ಮೊದಲ ಸಲ ಬಂದಲ್ಲಿ ‘ಅಂದರೆ ಉತ್ಪಾದನೆ ತಗ್ಗಿಸುವುದು’ ಎಂದು ಬಿಡಿಸಿ ಹೇಳುವುದು ಒಂದು ದಾರಿ. ಗದಗ, ಚಿತ್ರದುರ್ಗದ ಗಾಳಿವಿದ್ಯುತ್ ಸ್ಥಾವರಗಳಲ್ಲಿ ರೆಕ್ಕೆಯ ಕೋನ ತಿರುಗಿಸಿ ಉತ್ಪಾದನೆ ಇಳಿಸುವಾಗ ಅಲ್ಲಿನ ಕೆಲಸಗಾರರು ಬಳಸುವ ಕನ್ನಡದ ಮಾತೇನಾದರೂ ಇದೆಯೇ, ಮತ್ತು ‘ತಗ್ಗಿಕೆ’ ಎಂಬ ರೂಪ ಯಾವ ಸೀಮೆಯಲ್ಲಾದರೂ ಬಳಕೆಯಲ್ಲಿದೆಯೇ ಎಂಬುದನ್ನು ಬಲ್ಲ ಸದಸ್ಯರು ದಯವಿಟ್ಟು ತಿಳಿಸಬೇಕು.