ವಿಂಡೋ ಅಂದರೆ ಗಾಳಿಯ ಕಣ್ಣಂತೆ. ಮಗನಿಗೆ ಕನ್ನಡದಲ್ಲಿ ಏನು ಹೇಳಲಿ?

ಸಿರುಗುಪ್ಪದವಳು, ಯಾರ್ಕ್:
ಎಲ್ಲರಿಗೂ ನಮಸ್ಕಾರ. ಮಗನಿಗೆ 9 ವರ್ಷ. ಶಾಲೆಯಲ್ಲಿ ವೈಕಿಂಗರ ಪಾಠ ನಡೆದಿದೆ, ಹಿಂದೆ ಉತ್ತರದಿಂದ ಹಡಗಿನಲ್ಲಿ ಬಂದು ದಾಳಿ ಮಾಡಿದವರು. 866ರಲ್ಲಿ ಅವರು ಇಂಗ್ಲೆಂಡಿನ ಈ ಊರನ್ನೇ ಹಿಡಿದಿದ್ದರಲ್ಲ. ನಿನ್ನೆ ಬಂದವನೇ, 'ವಿಂಡೋ ಅವರ ಮಾತು. ವಿಂಡೌಗ, ಗಾಳಿಯ ಕಣ್ಣು. ಅಮ್ಮಾ, ಕಿಟಕಿ ಅಂದ್ರೆ ಏನು?' ಅಂದ. ನನಗೆ ಗೊತ್ತಿರಲಿಲ್ಲ. 'ಕನ್ನಡ ಪದಕ್ಕೆ ಕಥೆನೇ ಇಲ್ಲ' ಅಂತ ಆಡಲು ಹೋದ. ರಾತ್ರಿ ನಿದ್ದೆ ಬರಲಿಲ್ಲ.

ಸಿಂಧನೂರು ಅಣ್ಣ, ಟೊರಾಂಟೊ:
ತಂಗಿ, ಕಿಟಕಿ ಬಿಡು, ಗವಾಕ್ಷಿ ಹೇಳು. ಆಕಳ ಕಣ್ಣು ಅಂತ ಅರ್ಥ. ನಮ್ಮ ಮಣ್ಣಿನ ಮಾಳಿಗೆಗೆ ಇರುತ್ತಿತ್ತಲ್ವಾ, ಮಳೆ ಬಂದರೆ ಓಡಿಹೋಗಿ ಮುಚ್ಚುತ್ತಿದ್ದೆವು. ಅದು ಸಂಸ್ಕೃತದಿಂದ ಬಂದದ್ದು. ಬಾಗಿಲು ನಮ್ಮದೇ ಮಾತು. ಅದರಲ್ಲಿ ಬಾಯಿ ಇದೆ, ಮನೆ ಅನ್ನುವ 'ಇಲ್' ಇದೆ. ಮನೆಯ ಬಾಯಿ! ತಮಿಳಿನ 'ವಾಯಿಲ್' ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಗಂಗಾವತಿ ಅಕ್ಕ, ಡಲ್ಲಾಸ್:
ಗವಾಕ್ಷಿಯಿಂದ ಇಳಿಯುವ ಬಿಸಿಲಲ್ಲಿ ಕೈ ಆಡಿಸಿ ಧೂಳು ಹಿಡಿಯುತ್ತಿದ್ದೆವು. ಮಗಳಿಗೆ ಇದನ್ನೆಲ್ಲ ಹೇಳಲೇ ಇಲ್ಲ. ಅವಳಿಗೀಗ 24. ನಮ್ಮವ್ವ ಫೋನಿನಲ್ಲಿ 'ಉಂಡಿಯೇನವಾ' ಅಂದರೆ ಸುಮ್ನೆ ನನ್ನ ಮುಖ ನೋಡುತ್ತಾಳೆ.

ಬಳ್ಳಾರಿ ಕಾಕಾ, ಸಿಂಗಪುರ:
ಪದದ ಮೂಲ ಹೇಳಿದರೆ ಭಾಷೆ ಬರುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಪೂರ್ತಿ ಬಂದ್ ಮಾಡಿ. ನಾನು 14 ವರ್ಷ ಹಾಗೇ ಮಾಡಿದೆ. ಇಬ್ಬರೂ ಮಕ್ಕಳು ದಿನಾ ವಚನ ಹೇಳುತ್ತಾರೆ. ರಜೆ ಬಂದರೆ ಊರಿಗೆ ಕಳಿಸಿ, ನಮ್ಮ ಬಿಸಿಲಿಗೆ ಹೆದರಬೇಡಿ.

ಗಂಗಾವತಿ ಅಕ್ಕ:
ಬಂದ್ ಮಾಡಿದ್ದಕ್ಕೇ ನನ್ನ ಮಗಳು ನನ್ನ ಜೊತೆ ಮಾತು ಕಡಿಮೆ ಮಾಡಿದಳು ಕಾಕಾ.

ಬಳ್ಳಾರಿ ಕಾಕಾ:
ನಡುವೆ ಸಡಿಲ ಬಿಟ್ಟಿರುತ್ತೀರಿ. ಬಿಡಬಾರದು. ನನ್ನ ಮಕ್ಕಳೂ ಒಂದು ವರ್ಷ ಅತ್ತರು. ಈಗ ಅವರೇ ಊರಿಗೆ ಹೋಗೋಣ ಅನ್ನುತ್ತಾರೆ.

ಸಿಂಧನೂರು ಅಣ್ಣ:
ತಂಗಿ, ಇನ್ನೊಂದು ಹೇಳುವುದಿತ್ತು. ಕಣ್ಣಿನ ನಡುವಿನ ಕಪ್ಪು ಬೊಟ್ಟಿಗೆ ಇಂಗ್ಲಿಷಿನಲ್ಲಿ ಪ್ಯೂಪಿಲ್ ಅನ್ನುತ್ತಾರಲ್ಲ, ಅದರ ಮೂಲ ಪದಕ್ಕೆ ಲ್ಯಾಟಿನ್‌ನಲ್ಲಿ ಪುಟ್ಟ ಗೊಂಬೆ ಅಂತ ಅರ್ಥ. ಎದುರಿಗಿದ್ದವರು ಕಣ್ಣೊಳಗೆ ಸಣ್ಣದಾಗಿ ಕಾಣುತ್ತಾರಲ್ಲ, ಅದಕ್ಕೆ. ನಾವೂ ಕಣ್ಣಿನ ಪಾಪೆ ಅನ್ನುತ್ತೇವೆ. ಪಾಪೆ ಅಂದರೂ ಗೊಂಬೆಯೇ!

ಬಳ್ಳಾರಿ ಕಾಕಾ:
ಮೊದಲು ಮಾತಾಡಲಿ, ಆಮೇಲೆ ಪಾಪೆ. ಊಟಕ್ಕೆ ಕೂತಾಗ ಕನ್ನಡದಲ್ಲೇ ಕೇಳಿದರೆ ಮಾತ್ರ ಬಡಿಸಿ.

ಗಂಗಾವತಿ ಅಕ್ಕ:
ಅನ್ನದ ಮುಂದೆ ಶರತ್ತು ಹಾಕಬೇಡಿ ಕಾಕಾ. ನಾನು ಹಾಕಿದ್ದೆ.

ಸಿರುಗುಪ್ಪದವಳು:
ಅಣ್ಣ, ಪಾಪೆ ಹೇಳಿದೆ. ನನ್ನ ಗದ್ದ ಹಿಡಿದು, ಕಣ್ಣೊಳಗೆ ತನ್ನನ್ನೇ ಹುಡುಕಿದ. ಸಿಕ್ಕಿದ! ಈಗ ಮೊಣಕೈ ಕೇಳುತ್ತಿದ್ದಾನೆ. ಎಲ್ಬೋ ಅನ್ನುವುದರಲ್ಲಿ 'ಎಲ್' ನಮ್ಮ ಮೊಳದ ಹಾಗೆ ಮುಂಗೈಯ ಅಳತೆ, 'ಬೋ' ಅಂದರೆ ಬಾಗಿದ್ದು ಅಂತೆ. ನಮ್ಮ ಮೊಣಕೈಗೆ ಯಾರಾದರೂ ಹೇಳಿ. ನಾಳೆ ಶಾಲೆಗೆ ಹೋಗುವುದರೊಳಗೆ ಬೇಕು.